ಹೆಸರು ಕಿತ್ತವರಿಗೆ

ಸುರಪುರ
ಕ್ರಿ.ಶ. ೨೩೧೭, ಫೆಬ್ರವರಿ ಮೂವತ್ತು

ರಕ್ತ ಶುದ್ಧಿ ಮಾಡುವ ಯಂತ್ರಕ್ಕೆ ಪ್ರೋಗ್ರಾಂ ಬರೆದ ಮಹಾನುಭಾವರಿಗೆ ಸಂಗವ್ವ ಮಾಡುವ ನಮಸ್ಕಾರ.

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲ, ಬಲ್ಲೆ. ನಮ್ಮ ಕಾಲದಲ್ಲಿ ತಿಂಗಳುಗಳನ್ನೆಲ್ಲ ಸಮ ಮಾಡಿದ್ದಾರೆ. ನನ್ನ ಕೆಲವು ಮಾತು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಾನು ಕ್ಷಮೆ ಕೇಳುವುದು ಇಷ್ಟಕ್ಕೆ ಮಾತ್ರ, ಮಿಕ್ಕಿದ್ದಕ್ಕೆಲ್ಲ ಕೇಳಬೇಕಾದವರು ನೀವು. ಈ ಪತ್ರ ಹಿನ್ನಂಚೆಯಲ್ಲಿ, ಅಂದರೆ ಹಿಂದಿನ ಕಾಲಕ್ಕೆ ಹೋಗುವ ಅಂಚೆಯಲ್ಲಿ ಬರುತ್ತಿದೆ. ತಲುಪುತ್ತದೋ ಇಲ್ಲವೋ ಅಂಚೆಯವರಿಗೂ ಗೊತ್ತಿಲ್ಲ.

ನನ್ನ ಕಸುಬು ಗಟ್ಟಿಕಡತ ಬಿಚ್ಚುವುದು. ನೀವು ಆಬ್ಜೆಕ್ಟ್ ಫೈಲ್ ಅನ್ನುತ್ತಿದ್ದಿರಲ್ಲ, ಅದೇ: ಮನುಷ್ಯರು ಬರೆದ ಪ್ರೋಗ್ರಾಂ ಯಂತ್ರಕ್ಕೆ ಮಾತ್ರ ತಿಳಿಯುವ ಅಂಕಿಗಳಾಗಿ ಗಟ್ಟಿಯಾದದ್ದು. ನೀವು ಬರೆದ ಮೂಲ ಎಲ್ಲೂ ಉಳಿದಿಲ್ಲ, ಗಟ್ಟಿಕಡತಗಳು ಉಳಿದಿವೆ. ನಮ್ಮ ಓಣಿಗೆ ನೀರು ಬಿಡುವುದು, ಬಿಸಿಲೇರಿದಾಗ ಬೀದಿಯ ಮೇಲೆ ಚಪ್ಪರ ಎಳೆಯುವುದು, ಎಲ್ಲ ಅವುಗಳಿಂದಲೇ. ಯಂತ್ರದ ಮೈ ನಾವು ಹೊಸದಾಗಿ ಮಾಡಿಕೊಳ್ಳುತ್ತೇವೆ, ಒಳಗಿನ ಬುದ್ಧಿ ನಿಮ್ಮದು. ಬಿಚ್ಚುವುದಕ್ಕೆ ಬೇಕಾದ ಲೈಬ್ರರಿ ಫಂಕ್ಷನ್‌ಗಳೂ, ಅಂದರೆ ಒಂದೊಂದು ಕೆಲಸಕ್ಕೆಂದು ಮೊದಲೇ ಬರೆದಿಟ್ಟ ಪ್ರೋಗ್ರಾಂ ತುಣುಕುಗಳೂ, ನಿಮ್ಮ ಕಾಲದವೇ. ಅವನ್ನು ಬರೆದವರ ಹೊಟ್ಟೆ ತಣ್ಣಗಿರಲಿ. ಒಂದು ಫಂಕ್ಷನ್ ಕಡತ ತೆರೆಯುತ್ತದೆ, ಒಂದು ತಲೆಬರಹ ಓದಿ ಯಾವ ಯಂತ್ರದ್ದೆಂದು ಹೇಳುತ್ತದೆ, ಇನ್ನೊಂದು ಒಳಗಿನ ಭಾಗಗಳನ್ನು ಬಿಡಿಬಿಡಿಯಾಗಿ ಕೈಗೆ ಕೊಡುತ್ತದೆ. ಆಮೇಲೆ ಹೆಸರು ಕೇಳುವ ಫಂಕ್ಷನ್. ಯಾವ ಕೆಲಸ ಎಲ್ಲಿ ಶುರುವಾಗುತ್ತದೆ ಅನ್ನುವುದನ್ನು ಬರೆದವರು ಇಟ್ಟ ಹೆಸರಿನ ಸಮೇತ ಅದು ಹೇಳಬೇಕು. ಕಡತ ತೆರೆಯುವ ಮೊದಲು, ಆ ಯಂತ್ರವನ್ನು ನಂಬಿಕೊಂಡವರು ಯಾರೆಂದು ಬಾಯಿಬಿಟ್ಟು ಹೇಳುವುದು ನಮ್ಮ ಕಸುಬಿನ ಪದ್ಧತಿ. ಈ ಸಲ ನಾನು ನೀಲವ್ವ ಎಂದೆ. ಅವಳು ನನ್ನ ತಂಗಿ.

ನೀಲವ್ವನ ಎರಡೂ ಕಿಡ್ನಿ ಕೈಕೊಟ್ಟಿವೆ. ದಿನ ಬಿಟ್ಟು ದಿನ ನಿಮ್ಮ ಯಂತ್ರದ ಪಕ್ಕ ಮಲಗಬೇಕು. ಅದಕ್ಕೆ ನಾವು ಮಾಡಿ ಹಾಕಿದ ಹೊಸ ನಳಿಕೆ ತುಸು ದಪ್ಪ. ಅಷ್ಟಕ್ಕೇ ನಿಮ್ಮ ಪ್ರೋಗ್ರಾಂ ರಕ್ತದಲ್ಲಿ ಗಾಳಿಗುಳ್ಳೆ ಬಂತೆಂದು ಹೆದರಿ ಅರ್ಧದಲ್ಲೇ ನಿಂತುಬಿಡುತ್ತದೆ. ಗುಳ್ಳೆ ನೋಡುವ ಜಾಗ ಸಿಕ್ಕರೆ ಅಲ್ಲಿ ಒಂದು ಅಂಕಿ ತಿದ್ದಿದರೆ ಸಾಕು. ಹೆಸರು ಕೇಳಿದೆ. ಸೊನ್ನೆ ಬಂತು, ಒಂದೂ ಹೆಸರಿಲ್ಲ. ಕಡತವೇನೂ ಕೆಟ್ಟಿರಲಿಲ್ಲ. ನೀವೇ ಕೈಯಾರೆ, ಯಂತ್ರ ಮಾರುವ ಮುನ್ನ, ಇದ್ದ ಹೆಸರನ್ನೆಲ್ಲ ಕಿತ್ತುಹಾಕಿದ್ದಿರಿ. ಅದು ನಿಮ್ಮಲ್ಲಿ ರೂಢಿಯಂತೆ. ಕಡತ ಚಿಕ್ಕದಾಗಲಿ ಅಂತ, ಬೇರೆಯವರು ನೋಡಿ ಕದಿಯದಿರಲಿ ಅಂತ. ಏನ್ರೀ ಇದು? ನಿಮ್ಮ ಊಟದ ತಟ್ಟೆಯ ಫೋಟೋಗಳು ರಾಶಿ ರಾಶಿ ಉಳಿದಿವೆ, ದೋಸೆಯ ಒಂದೊಂದು ತೂತೂ ಕಾಣುತ್ತದೆ. ಅದಕ್ಕೆಲ್ಲ ಜಾಗವಿತ್ತು. ಒಂದು ಜೀವ ಉಳಿಸುವ ನಾಲ್ಕು ಹೆಸರಿಗೆ ಜಾಗವಿರಲಿಲ್ಲವೇ?

ಈಗ ಸಾವಿರಾರು ತುಣುಕು ಮುಂದೆ ಹರಡಿಕೊಂಡು ಕೂತಿದ್ದೇನೆ. ಊಹೆಯ ಮೇಲೆ ಕೈ ಹಾಕುವಂತಿಲ್ಲ. ತಪ್ಪು ಅಂಕಿ ತಿದ್ದಿದರೆ ನಿಜವಾದ ಗುಳ್ಳೆ ಬಂದಾಗಲೂ ಯಂತ್ರ ಸುಮ್ಮನಿರುತ್ತದೆ, ನನ್ನ ತಂಗಿ ಸಾಯುತ್ತಾಳೆ. ಅವಳ ಮುಖ ಊದಿಕೊಂಡಿದೆ, ಚಪ್ಪಲಿ ಕಾಲಿಗೆ ಹಿಡಿಸುವುದಿಲ್ಲ. ಆದರೂ ತಮಾಷೆ ಬಿಟ್ಟಿಲ್ಲ. ನಿನ್ನೆ ಕೇಳಿದಳು: "ಅಕ್ಕಾ, ಹೆಸರು ಅಳಿಸಿದವ್ನ ಹೆಸರಾರ ಸಿಕ್ತೇನು?" ಪಕ್ಕದ ಹಾಸಿಗೆಯವರೆಲ್ಲ ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ಆ ಕಡತ ಇನ್ನೂ ನಿಮ್ಮ ಕೈಯಲ್ಲಿರುವಾಗಲೇ ಈ ಪತ್ರ ತಲುಪಿದರೆ, ಮೇಲಿನವರು ಏನೇ ಅನ್ನಲಿ, ಹೆಸರು ಕೀಳಬೇಡಿ. ಎಲ್ಲ ಬೇಡ, ಗುಳ್ಳೆ ನೋಡುವ ಆ ಒಂದು ಫಂಕ್ಷನ್ನಿನ ಹೆಸರು ಉಳಿಸಿ. ನೀವು ಅಲ್ಲಿ ಉಳಿಸಿದರೆ ಇಲ್ಲಿ ನನ್ನ ಕಡತದಲ್ಲಿ ಅದು ಇರಲೇಬೇಕು. ಅದಕ್ಕೇ ದಿನಾ ಬೆಳಿಗ್ಗೆ ಮತ್ತೆ ತೆರೆದು ಕೇಳುತ್ತೇನೆ. ಇವತ್ತೂ ಕೇಳಿದೆ, ಸೊನ್ನೆ. ನಾಳೆ ಪಕ್ಕದಲ್ಲಿ ಕೂತು ತಾನೂ ನೋಡುತ್ತೇನೆಂದು ನೀಲವ್ವ ಹಟ ಹಿಡಿದಿದ್ದಾಳೆ. ನಾಳೆಯೂ ಸೊನ್ನೆ ಬಂದರೆ ಅವಳಿಗೆ ಏನು ಹೇಳಬೇಕೆಂದು ನೀವೇ ಬರೆದು ಕಳಿಸಿ.

ಸಂಗವ್ವ
ನೀಲವ್ವನ ಅಕ್ಕ