ದೇವರಾಜನ್ ಕೈಗೆ ಬಾರದ ಗಿಟಾರ್

ಪೋತ್ತನೂರು
9-6-2024, ಭಾನುವಾರ

ಪ್ರೀತಿಯ ತಮ್ಮ ಮೂರ್ತಿಗೆ,

ಕೈ ಹೇಗಿದೆ? ಹೊಲಿಗೆ ಬಿಚ್ಚಿದ ಜಾಗದಲ್ಲಿ ಇನ್ನೂ ನೀರು ಒಸರುತ್ತಿದೆಯೇ? ಹೋದ ಬೆರಳುಗಳೇ ನೋಯುತ್ತವೆ ಎಂದು ನೀನು ಅಳುತ್ತೀಯಂತೆ, ವಳ್ಳಿಯಮ್ಮ ಚಿಕ್ಕಮ್ಮ ಫೋನಿನಲ್ಲಿ ಹೇಳಿದಳು. ಮಾತ್ರೆ ತಪ್ಪಿಸಬೇಡ. ಅವಳ ಮಂಡಿನೋವನ್ನೂ ವಿಚಾರಿಸಿದೆನೆಂದು ಹೇಳು. ಈ ಕಾಗದವನ್ನು ಅವಳು ಕದ್ದು ಓದುವ ಭಯವಿಲ್ಲ. ನಾಟಕದ ಮಾತು ಬಾಯಿಪಾಠ ಮಾಡಿಸಲೆಂದು ಅಪ್ಪ ನಮ್ಮಿಬ್ಬರಿಗೆ ಕಲಿಸಿದ ಕನ್ನಡ ಅಕ್ಷರ, ಉಡುಮಲೈಯ ಆ ತಮಿಳು ಬೀದಿಯಲ್ಲಿ ನಿನ್ನನ್ನು ಬಿಟ್ಟು ಇನ್ಯಾರಿಗೆ ಬರುತ್ತದೆ!

ನೀನು ಫೋನು ಎತ್ತುವುದಿಲ್ಲ. ಎತ್ತಿದ್ದರೂ ನನ್ನ ಗಂಟಲು ನಿನಗೆ ಗೊತ್ತೇ ಇದೆ. ಪೋತ್ತನೂರಿನಲ್ಲಿ ನಿಂತು ನಾನು ಕೂಗಿದರೆ ಸಿಂಗಾನಲ್ಲೂರಿನಲ್ಲಿ ಬಸ್ಸು ನಿಲ್ಲುತ್ತದೆ ಎಂದು ಅಣಕಿಸುತ್ತಿದ್ದವನು ನೀನೇ. ಅಪ್ಪನ ತಂಡದಲ್ಲಿ ಮೈಕಿಲ್ಲದೆ ರಾಕ್ಷಸನ ಪಾತ್ರ ಮಾಡಿದ ಹೆಂಗಸು ನಾನು. ಮೆಲ್ಲಗೆ ಮಾತನಾಡುವುದು ನನಗೆ ಕಾಗದದಲ್ಲಿ ಮಾತ್ರ ಸಾಧ್ಯ, ಅದೂ ಎಷ್ಟು ಹೊತ್ತೋ.

ಕೇಳು ಹಾಗಾದರೆ! ತೆರೆ ಸರಿಯಿತು. ರಂಗದ ಮೇಲೆ ಒಂದು ಗಿಟಾರ್. ಯಾರದು? ನಿನ್ನದೇ! ರೈಲ್ವೆ ಕ್ವಾರ್ಟರ್ಸ್ ಖಾಲಿ ಮಾಡಿ ಹೋದ ಗಾರ್ಡ್ ಮನೆಯ ಅಟ್ಟದಿಂದ ನಾವಿಬ್ಬರೂ ಹೊತ್ತು ತಂದದ್ದು. ಹೊಟ್ಟೆ ಉಬ್ಬಿ, ಕತ್ತು ಬಾಗಿ, ಜಿರಳೆಗಳ ಛತ್ರವಾಗಿದ್ದ ಅಗ್ಗದ ಮಾಲು. ಅದಾದ ಮೇಲೆ ಅಂಥ ಎಷ್ಟು ಹಳೆಯ ಗಿಟಾರ್‌ಗಳನ್ನು ನಾನು ನಮ್ಮ ಶೆಡ್ಡಿನಲ್ಲಿ ಬಿಚ್ಚಿ ಕಟ್ಟಿಲ್ಲ! ಪ್ರತಿಯೊಂದನ್ನೂ ನೀನು ನುಡಿಸಿ, "ಇನ್ನೂ ಮೂಗಲ್ಲೇ ಹಾಡ್ತದಕ್ಕಾ, ಮತ್ತೆ ಬಿಚ್ಚು" ಎನ್ನುತ್ತಿದ್ದೆ. ನಿನ್ನದಕ್ಕೆ ಮಾತ್ರ ಬರೀ ತೇಪೆ. ತಿರುಪ್ಪೂರಿನಿಂದ ಕೆಲಸ ಮುಗಿಸಿ ಬಂದವನು ಅದನ್ನು ಕೆಳಗಿಡುತ್ತಲೇ ಇರಲಿಲ್ಲ. ಇನ್ನು ಬಿಚ್ಚುವುದು ಯಾವಾಗ?

ಬನಿಯನ್ ಕಂಪನಿಯ ಕಟಿಂಗ್ ಮೆಷಿನ್ ನಿನ್ನ ಎಡಗೈಯ ಎರಡು ಬೆರಳು ತೆಗೆದುಕೊಂಡಿತು. ಆಸ್ಪತ್ರೆಯಿಂದ ನೇರವಾಗಿ ಉಡುಮಲೈ ಬಸ್ಸು ಹತ್ತುವಾಗ ನೀನು ಆಡಿದ್ದು ಒಂದೇ ಮಾತು: "ನಂದನ್ನ ಮಾರಿಬುಡಕ್ಕಾ. ನನ್ನ ಕಣ್ಣಿಗೆ ಬೀಳಬಾರದು." ಸುಮ್ಮನೆ ತಲೆಯಾಡಿಸಿದೆ. ಈ ಚಂದ್ರಾ ರಂಗದ ಮೇಲೆ ಮಾತು ಮರೆತು ನಿಂತದ್ದು ಅದೇ ಮೊದಲು.

ಮಾರುವ ಮುನ್ನ ಚೆನ್ನಾಗಿ ಮಾಡೋಣವೆಂದು ಬೆನ್ನಿನ ಹಲಗೆ ಬಿಚ್ಚಲು ಕೂತೆ. ಅಂಚಿಗೆ ಬಿಸಿ ಚಾಕು ತೂರಿಸಿದಾಗ ಹಳೆಯ ಅಂಟು ಕಟಕಟ ಎಂದಿತು. ನಿನ್ನ ಕೈ ನೆನಪಾಯಿತು. ಚಾಕು ಕೆಳಗಿಟ್ಟು ಹೊರಗೆ ಹೋಗಿ ಕೂತುಬಿಟ್ಟೆ, ಅಂದು ಕೆಲಸ ಸಾಗಲಿಲ್ಲ. ಮರುದಿನ ಒಳಗೆ ನೋಡಿದರೆ, ಅಗ್ಗದ ಗಿಟಾರ್‌ಗಳಲ್ಲಿ ಇರುವ ಹಾಗೆಯೇ, ಏಣಿಯ ಮೆಟ್ಟಿಲಿನಂತೆ ಅಡ್ಡಪಟ್ಟಿಗಳು, ಒಂದೊಂದೂ ಗೂಟದಷ್ಟು ದಪ್ಪ. ಧ್ವನಿ ಪಾಪ ಎಲ್ಲಿಂದ ಉಸಿರಾಡಬೇಕು? ಎಲ್ಲವನ್ನೂ ಕಿತ್ತೆ. ಮುಚ್ಚಿಹೋದ ಮಿಲ್ಲಿನ ಮೆಷಿನ್ ಪೆಟ್ಟಿಗೆಯ ಹಳೆಯ ಪೈನ್ ಹಲಗೆ ಇತ್ತಲ್ಲ, "ಒಳ್ಳೇ ಗಿಟಾರ್ ಬಂದಾಗ ಆಯ್ತದೆ, ಇಟ್ಟಿರಕ್ಕಾ" ಎಂದು ನೀನು ಎತ್ತಿಟ್ಟದ್ದು, ಅದನ್ನು ಇಳಿಸಿ ತೆಳ್ಳಗೆ ಸೀಳಿ, ತೆರೆದ ಕತ್ತರಿಯಂತೆ ಒಂದನ್ನೊಂದು ಹಾಯುವ ಹಾಗೆ ಅಂಟಿಸಿದೆ. ಕತ್ತು ಬಿಡಿಸಿ ನೆಟ್ಟಗೆ ಕೂರಿಸಿದೆ. ಈಗ ತಟ್ಟಿದರೆ ದೊಡ್ಡ ಮಡಕೆಯ ಹಾಗೆ ಮೊಳಗುತ್ತದೆ. ಮೂಗಿನ ಹಾಡು ಹೋಯಿತು. ಹೋಯಿತು ಎಂದು ಹೇಳಬೇಕಾದವನು ಇಲ್ಲಿಲ್ಲ. ನನಗೆ ಕಟ್ಟಲು ಬರುತ್ತದೆಯೇ ಹೊರತು ನುಡಿಸಲು ಬರುವುದಿಲ್ಲವಲ್ಲ. ಒಬ್ಬಳೇ ಶೆಡ್ಡಿನಲ್ಲಿ ಕೂತು ಒಂದೊಂದೇ ತಂತಿ ಮೀಟುತ್ತಿದ್ದರೆ, ನಾಟಕ ಮುಗಿದು ಜನವೆಲ್ಲ ಹೋದ ಮೇಲೆ ಚಪ್ಪರದಲ್ಲಿ ಉಳಿದ ಹಾಗಾಗುತ್ತದೆ.

ಮೊನ್ನೆ ಉಕ್ಕಡಂನಿಂದ ಗಿಟಾರ್ ಮಾಸ್ಟರ್ ದೇವರಾಜನ್ ಬಂದಿದ್ದರು. ನಾನು ಮೀಟುತ್ತಿದ್ದ ದನಿ ಬಾಗಿಲಲ್ಲೇ ಕೇಳಿ, "ಅಕ್ಕಾ, ಇದು ನನಗೇ ಬೇಕು" ಎಂದು ಆಸೆಯಿಂದ ತೊಡೆಯ ಮೇಲಿಟ್ಟುಕೊಂಡರು. ಒಂದು ಸಲ ಕೈಯಾಡಿಸಿ ನಿಲ್ಲಿಸಿದರು. ತಂತಿಗಳನ್ನು ನೋಡಿದರು, ನನ್ನನ್ನು ನೋಡಿದರು. "ಇದು ನನ್ನ ಕೈಗೆ ಬರಲ್ಲಕ್ಕಾ. ತಮ್ಮನಿಗೆ ಹೇಳಿದ್ದೀರಾ?" ಇಲ್ಲ ಎಂದೆ. "ಅವನು ಬೇಡ ಅಂದ್ರೆ?" ಎಂದರು. ಟೀ ಕಾಯಿಸುವ ನೆಪದಲ್ಲಿ ಒಳಗೆ ಹೋದೆ.

ಚಿಕ್ಕಮ್ಮನಿಗೆ ನಮಸ್ಕಾರ ತಿಳಿಸು. ಹೊತ್ತಿಗೆ ಸರಿಯಾಗಿ ಉಣ್ಣು. ನಿನಗೆ ಹೆಸರು ಕೊಟ್ಟ, ಉಡುಮಲೈ ಬಳಿಯ ಆ ಮಲೆಯ ಸ್ವಾಮಿ ಹೋದದ್ದನ್ನಂತೂ ಕಾಯಲಿಲ್ಲ, ಉಳಿದದ್ದನ್ನಾದರೂ ಕಾಯಲಿ.

ನಿನ್ನ ದೊಡ್ಡ ಗಂಟಲಿನ ಅಕ್ಕ,
ಚಂದ್ರಾ

ಹೇಳದೆ ಉಳಿಸಿದ್ದು: ಗಿಟಾರನ್ನು ಎಡಗೈಯವರಿಗೆಂದು ಕಟ್ಟಿದ್ದೇನೆ. ತಂತಿಗಳೆಲ್ಲ ಅದಲುಬದಲು, ಒಳಗಿನ ಪಟ್ಟಿಗಳೂ ಕನ್ನಡಿಯಲ್ಲಿ ಕಂಡ ಹಾಗೆ ತಿರುವು. ಒತ್ತಲು ನಿನ್ನ ಬಲಗೈಯಿದೆ, ಪೂರ್ತಿ ಇದೆ. ಮೀಟಲು ಎಡಗೈಯ ಹೆಬ್ಬೆರಳು ಸಾಕು. ಮಗುವಿನ ಹಾಗೆ ಮೊದಲಿನಿಂದ ಕಲಿಯಬೇಕು, ಬೆರಳ ತುದಿ ಮತ್ತೆ ಸುಲಿಯುತ್ತದೆ, ಗೊತ್ತು. ಕೇಳದೆ ಯಾಕೆ ಮಾಡಿದೆ ಎಂದು ಬಯ್ಯುವುದಾದರೆ ಇಲ್ಲಿಗೇ ಬಂದು ಬಯ್ಯು. ಮಾರು ಎಂದೆಯಲ್ಲ, ಬಂದವರೆಲ್ಲ ಎತ್ತಿ ನೋಡಿ ಇಟ್ಟುಹೋಗುತ್ತಿದ್ದಾರೆ. ಈಗ ತಂತಿ ಸಡಿಲಿಸಿಟ್ಟಿದ್ದೇನೆ. ಶ್ರುತಿ ಮಾಡುವುದು ಯಾವತ್ತೂ ನಿನ್ನ ಕೆಲಸ.