ಮೊದಲು ಸ್ಪ್ರಿಂಗು, ಆಮೇಲೆ ಸೈಲೆನ್ಸರು

ವರ್ಕ್‌ಶಾಪಿನಿಂದ,
ಮಾರ್ಚ್ ಒಂಬತ್ತು, ಭಾನುವಾರ ಬೆಳಿಗ್ಗೆ

ನನ್ನ ಮುದ್ದು ಬಟಾಣಿಗೆ,

ನಿನ್ನ ಸ್ಪ್ಯಾನರ್ ಚಿಕ್ಕಮ್ಮ ಕೊಡುತ್ತಿರುವ ನೂರು ಮುತ್ತುಗಳು. ಕಾಗದದ ಮೂಲೆಯಲ್ಲಿ ಕಪ್ಪು ಬೆರಳಚ್ಚು ಕಂಡರೆ ಬೈಯಬೇಡ. ಎರಡು ಸಲ ಸೋಪು ಹಾಕಿ ತೊಳೆದೆ, ಗ್ರೀಸು ಹೋಗಲಿಲ್ಲ.

ನಿನ್ನ ಕಾಗದ ನಿನ್ನೆ ಮಧ್ಯಾಹ್ನ ಬಂತು. ನಾನು ಒಂದು ವ್ಯಾನಿನ ಕೆಳಗೆ ಮಲಗಿದ್ದೆ. ಅಂಚೆಯವನು ಬಗ್ಗಿ ನೋಡಿ, "ಮೇಡಂ, ಕಾಲು ಮಾತ್ರ ಕಾಣ್ತಿದೆ, ಕೈ ಯಾವ ಕಡೆ ಇದೆ?" ಎಂದು ಕೇಳಿ ಲಕೋಟೆಯನ್ನು ಅಲ್ಲಿಗೇ ತೂರಿಸಿದ. ಮಲಗಿದಲ್ಲೇ ಟಾರ್ಚ್ ಹಿಡಿದು ಓದಿದೆ. ಕಾರು ತಗೊಂಡಿದ್ದೇನೆ ಅನ್ನುವ ಸಾಲು ಬಂದದ್ದೇ ತಡ, ದಡಕ್ಕನೆ ಎದ್ದು ಕೂರಲು ಹೋಗಿ ಹಣೆಯನ್ನು ಗೇರ್‌ಬಾಕ್ಸಿಗೆ ಬಡಿದುಕೊಂಡೆ. ದೊಡ್ಡ ಬುಗುಟು ಎದ್ದಿದೆ. ಏಳಲಿ ಬಿಡೇ! ನಿಮ್ಮ ಮನೆ ಮುಂದೆ ಮತ್ತೆ ಒಂದು ಕಾರು ನಿಂತಿದೆ ಅಂದರೆ ಇನ್ನೂ ಹತ್ತು ಬುಗುಟು ಎದ್ದರೂ ನನಗೆ ಸರಿಯೇ.

ಅಲ್ಲಿಂದ ಸಂಜೆಯವರೆಗೆ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹತ್ತು ವರ್ಷ ಓಡಿದ್ದರೂ ಎಲ್ಲೂ ತುಕ್ಕು ಹಿಡಿಯದ ಬಿಳಿ ಹ್ಯಾಚ್‌ಬ್ಯಾಕ್ ಅಂತೆ. ನೀರಿನಲ್ಲಿ ಪ್ಯಾಂಟು ಮಡಚಿಕೊಂಡು ನಿಂತವರ ಹಾಗೆ ಎತ್ತರವಾಗಿ ಕಾಣುತ್ತದಂತೆ, ಕೊಂಚ ಇಳಿಸಬೇಕಂತೆ. ಸೈಲೆನ್ಸರು ಶೀತವಾದ ಮೇಷ್ಟ್ರ ಹಾಗೆ ಕೆಮ್ಮುತ್ತದಂತೆ, ಗಂಭೀರ ದನಿ ಬೇಕಂತೆ. ಎಷ್ಟು ಚೆನ್ನಾಗಿ ಬರೆದಿದ್ದೀಯ! ಕೊನೆಯಲ್ಲಿ 'ಅಮ್ಮನಿಗೆ ಇದೆಲ್ಲ ಹೇಳಬೇಡಿ' ಎಂದಿದ್ದೀಯಲ್ಲ, ಅದಕ್ಕೆ ಮಾತ್ರ ನಗು ಬಂತು. ಹೇಳುವುದಕ್ಕೆ ನಿಮ್ಮಮ್ಮ ನನ್ನ ಮುಖ ನೋಡಬೇಕಲ್ಲ. ನನ್ನ ಒಡಹುಟ್ಟಿದ ಅಕ್ಕ ನನ್ನೊಂದಿಗೆ ಮಾತು ಬಿಟ್ಟು ಹನ್ನೊಂದು ವರ್ಷ ಆಯಿತು.

ಸರಿ, ಪಾಠ ಶುರು. ಪೆನ್ನು ಹಿಡಿದುಕೋ. ಮೊದಲು ಸ್ಪ್ರಿಂಗು, ಆಮೇಲೆ ಸೈಲೆನ್ಸರು. ಎಲ್ಲರೂ ಇದನ್ನು ಉಲ್ಟಾ ಮಾಡುತ್ತಾರೆ, ಸದ್ದು ಬೇಗ ಬೇಕಲ್ಲ! ಹೊಸ ಪೈಪು ಹಾಕಿಸಿ, ಆಮೇಲೆ ಗಾಡಿ ಇಳಿಸಿ, ಆ ಹೊಸ ಪೈಪನ್ನೇ ರಸ್ತೆಗೆ ಉಜ್ಜಿಕೊಂಡು ನನ್ನ ಬಾಗಿಲಿಗೆ ಬರುತ್ತಾರೆ. ಗಾಡಿ ಎಷ್ಟು ಎತ್ತರದಲ್ಲಿ ನಿಲ್ಲುತ್ತದೆ ಎಂದು ಗೊತ್ತಾದ ಮೇಲಲ್ಲವೇ ಪೈಪು ಎಲ್ಲಿ ಬಾಗಬೇಕು ಎಂದು ಹೇಳಲಿಕ್ಕಾಗುವುದು?

ಎಷ್ಟು ಇಳಿಸಬೇಕು ಎಂದು ಕೇಳಿದ್ದೀಯ. ಒಂದು ಇಂಚು. ಇಷ್ಟೇನಾ ಎಂದು ಮುಖ ಸಿಂಡರಿಸಬೇಡ. ಒಂದೇ ಇಂಚಿಗೆ ಗಾಡಿಯ ಲಕ್ಷಣವೇ ಬದಲಾಗುತ್ತದೆ, ನೋಡುತ್ತಿರು! ಮೂರು ಇಂಚು ಇಳಿಸಿದವರು ನನ್ನ ಗಿರಾಕಿಗಳಲ್ಲೂ ಇದ್ದಾರೆ. ಇರುವೆ ಅಡ್ಡ ಬಂದರೂ ಬ್ರೇಕ್ ಹಾಕುತ್ತಾರೆ ಪಾಪ.

ನಿನ್ನ ಗಾಡಿಯ ಮಾಡೆಲ್‌ಗೆಂದೇ ಮಾಡಿದ ಗಿಡ್ಡ ಸ್ಪ್ರಿಂಗಿನ ಸೆಟ್ಟು ಸಿಗುತ್ತದೆ, ಅದನ್ನೇ ತಗೋ. ಹತ್ತು ವರ್ಷದ ಶಾಕ್ ಅಬ್ಸಾರ್ಬರುಗಳು ಸುಸ್ತಾಗಿರುತ್ತವೆ, ಅವನ್ನೂ ಜೊತೆಗೇ ಬದಲಾಯಿಸು. ತಿರುಗಿಸಿ ತಿರುಗಿಸಿ ಎತ್ತರ ಹೆಚ್ಚು ಕಡಿಮೆ ಮಾಡುವ ಸೆಟ್ಟೂ ಇದೆ, ಈಗಲೇ ಅದು ಬೇಡ. ದಿನಾ ಬೆಳಿಗ್ಗೆ ಎದ್ದು ಅದನ್ನೇ ತಿರುಗಿಸುತ್ತಾ ಕೂರುತ್ತೀಯ. ಸ್ಪ್ರಿಂಗು ಬಿಚ್ಚುವ ಕೆಲಸಕ್ಕೆ ನೀನಾಗಿ ಕೈ ಹಾಕಬೇಡ, ಒತ್ತಿ ಹಿಡಿದ ಸ್ಪ್ರಿಂಗು ಜಾರಿ ಹಾರಿದರೆ ಬಾಯಲ್ಲಿ ಹಲ್ಲು ಉಳಿಯುವುದಿಲ್ಲ. ಇನ್ನೊಂದು ವಿಷಯವನ್ನು ದೊಡ್ಡ ದೊಡ್ಡ ಮೆಕ್ಯಾನಿಕ್ಕುಗಳೂ ಮರೆಯುತ್ತಾರೆ. ಗಾಡಿ ಗಾಳಿಯಲ್ಲಿ ತೂಗಾಡುತ್ತಿರುವಾಗ ಕೀಲುಗಳಲ್ಲಿರುವ ರಬ್ಬರ್ ಬುಷ್‌ಗಳ ಬೋಲ್ಟು ಬಿಗಿ ಮಾಡಬಾರದು. ಚಕ್ರ ನೆಲಕ್ಕೆ ಊರಿ, ಗಾಡಿ ತನ್ನ ತೂಕದಲ್ಲಿ ತಾನು ಕೂತ ಮೇಲೆ ಕೊನೆಯ ಬಿಗಿ. ಇಲ್ಲವಾದರೆ ಒಳಗಿನ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿದುಹೋಗುತ್ತದೆ. ಒಂದು ವಾರ ಓಡಿಸು, ಸ್ಪ್ರಿಂಗು ಚೆನ್ನಾಗಿ ಕೂರಲಿ, ಆಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸು.

ಯಾರಾದರೂ ನಿನಗೆ, "ಹೊಸ ಸ್ಪ್ರಿಂಗ್ ಯಾಕಮ್ಮಾ, ಇರೋದನ್ನೇ ಒಂದು ಸುತ್ತು ಕತ್ತರಿಸಿದ್ರೆ ಆಯ್ತು" ಎಂದರೆ ಆ ವರ್ಕ್‌ಶಾಪಿನಿಂದ ತಿರುಗಿ ನೋಡದೆ ಓಡಿ ಬಾ. ಹಾಗೆ ಕತ್ತರಿಸಿದವಳೊಬ್ಬಳು ನನಗೆ ಗೊತ್ತು. ನಾನೇ.

ಇದನ್ನು ನಿಮ್ಮಮ್ಮ ನಿನಗೆ ಹೇಳಿರಲಾರಳು. ನುಂಗಿಕೊಳ್ಳುವುದರಲ್ಲಿ ಅವಳು ಎತ್ತಿದ ಕೈ. ನಿನಗೆ ಆಗ ಒಂಬತ್ತು ವರ್ಷ. ಅವಳು ಮನೆಮನೆಗೆ ಹೋಗಿ ಹೆರಿಗೆ ಮಾಡಿಸುವ ನರ್ಸ್ ಆಗಿದ್ದಳು, ಕೆಂಪು ಕಾರಿತ್ತು. ಅವಳ ಹಾಗೆ ಗಾಡಿ ಓಡಿಸುವವರನ್ನು ನಾನು ಇವತ್ತಿಗೂ ನೋಡಿಲ್ಲ. ಹಿಂದೆ ಕೂತವರ ಕೈಯಲ್ಲಿದ್ದ ಟೀ ತುಳುಕುತ್ತಿರಲಿಲ್ಲ. ನಾನು ಹೊಸದಾಗಿ ವರ್ಕ್‌ಶಾಪ್ ತೆಗೆದಿದ್ದೆ, ನನ್ನ ಕೈಚಳಕ ಅಕ್ಕನಿಗೆ ತೋರಿಸಬೇಕು ಅನ್ನುವ ಹುಚ್ಚು. ಅವಳ ಹುಟ್ಟುಹಬ್ಬಕ್ಕೆ ಸರ್ಪ್ರೈಸ್ ಕೊಡೋಣ ಎಂದು ಸರ್ವಿಸ್ ನೆಪ ಹೇಳಿ ಗಾಡಿ ತರಿಸಿಕೊಂಡೆ. ನಾಲ್ಕೂ ಸ್ಪ್ರಿಂಗನ್ನು ಕತ್ತರಿಸಿದೆ, ಕೆಳಗೊಂದು ದಪ್ಪ ಪೈಪು ಹಾಕಿದೆ, ಟೇಪು ಹಿಡಿದು ಅಳೆದೆ. ಏನು ಅಂದವಾಗಿ ಕಾಣುತ್ತಿತ್ತು ಅಂತೀ! ಆದರೆ ಅಳೆದದ್ದು ಖಾಲಿ ಗಾಡಿಯನ್ನು.

ಮರುದಿನ ಮಧ್ಯಾಹ್ನ ಅವಳಿಗೆ ಕರೆ ಬಂತು. ಗಾಡಿಯಲ್ಲಿ ಅವಳು, ಇನ್ನಿಬ್ಬರು ನರ್ಸ್‌ಗಳು, ಎರಡು ಪೆಟ್ಟಿಗೆ, ಒಂದು ಆಕ್ಸಿಜನ್ ಸಿಲಿಂಡರು. ಆ ಮನೆಗೆ ಇನ್ನೆರಡು ಬೀದಿ ಇರುವಾಗ ಒಂದು ಹಂಪ್ ಸಿಕ್ಕಿತು. ಸೈಲೆನ್ಸರು ಅದಕ್ಕೆ ಸಿಕ್ಕಿಕೊಂಡು ಕಿತ್ತುಬಂತು, ಹಿಂದಿನ ಚಕ್ರ ಮಡ್‌ಗಾರ್ಡಿಗೆ ಒತ್ತಿ ಗಾಡಿ ಅಲುಗಾಡದೆ ನಿಂತಿತು. ಗಾಡಿ ಬಿಡಿಸಲು ಹೆಣಗಿ, ಆಗದೆ, ಸಿಲಿಂಡರು ಹೊತ್ತುಕೊಂಡು ಓಡಿದರಂತೆ ಮೂರು ಜನ. ಇಪ್ಪತ್ತೈದು ನಿಮಿಷ ತಡ. ಮಗು ನೀಲಿಯಾಗಿ ಹುಟ್ಟಿ, ತುಂಬ ಹೊತ್ತಾದ ಮೇಲೆ ಅತ್ತಿತು. ತಾಯಿ ಮಗು ಇಬ್ಬರೂ ಉಳಿದರು, ಅದು ನನ್ನ ಪುಣ್ಯ.

ಸಂಜೆ ಅವಳು ಬಂದು, "ಏನೇ ಮಾಡಿದೆ ನನ್ನ ಗಾಡಿಗೆ?" ಎಂದು ಕೇಳಿದಳು. ಇಬ್ಬರು ಗಿರಾಕಿಗಳು ನಿಂತಿದ್ದರು. ನನಗೆ ಮಾನ ಹೋಗುವ ಭಯ. "ನನ್ನ ಕೆಲಸದಲ್ಲಿ ತಪ್ಪಿಲ್ಲ. ನೀನೇ ಹಂಪ್ ಮೇಲೆ ಹಾರಿಸಿರಬೇಕು. ಓಡಿಸೋಕೆ ಬರಲ್ಲ ಅಂದ್ರೆ ಓಡಿಸಬಾರದು" ಎಂದುಬಿಟ್ಟೆ. ಅವಳು ಕೀಯನ್ನು ಮೇಜಿನ ಮೇಲಿಟ್ಟು ನಡೆದುಕೊಂಡು ಹೋದಳು. ಕೆಂಪು ಕಾರು ಮಾರಿದಳು, ಆಸ್ಪತ್ರೆಯ ವಾರ್ಡಿಗೆ ಕೆಲಸಕ್ಕೆ ಸೇರಿ ಬಸ್ಸಿನಲ್ಲಿ ಓಡಾಡತೊಡಗಿದಳು. ಮತ್ತೆ ಸ್ಟೀರಿಂಗ್ ಮುಟ್ಟಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ನೆಲವನ್ನೂ ಬಿಟ್ಟು ಅಕ್ಕನನ್ನೇ ಡೊಂಕು ಅಂದೆ.

ಈಗ ಯಾರಿಗೂ ಹೇಳದ್ದನ್ನು ಹೇಳುತ್ತೇನೆ. ಗಾಡಿಯನ್ನು ನನ್ನ ವರ್ಕ್‌ಶಾಪಿಗೇ ಎಳೆದು ತಂದಿದ್ದರು, ಆ ಕಿತ್ತುಬಂದ ಪೈಪನ್ನು ನಾನು ಅವಳು ಬರುವ ಮೊದಲೇ ನೋಡಿದ್ದೆ. ಜೋರಾಗಿ ಬಂದು ಹಂಪಿಗೆ ಹೊಡೆದಿದ್ದರೆ ಉದ್ದಕ್ಕೆ ಗೀರು ಬೀಳಬೇಕು. ಅದರ ಮೇಲಿದ್ದದ್ದು ಬೆರಳಗಲ ತಗ್ಗು, ನಿಧಾನವಾಗಿ ಹತ್ತಿಸುವಾಗ ಗಾಡಿ ತನ್ನ ಭಾರಕ್ಕೆ ಕುಸಿದು ಕೂತ ಗುರುತು. ಅವಳು ನಡೆಯುವ ವೇಗದಲ್ಲಿ ಹತ್ತಿಸಿದ್ದಳು. ಅದು ಗೊತ್ತಿದ್ದೂ ಗೊತ್ತಿದ್ದೂ ಆ ಮಾತು ಆಡಿದೆ. ಹನ್ನೊಂದು ವರ್ಷ ಬಸ್ ಸ್ಟಾಪಿನಲ್ಲಿ ಅವಳನ್ನು ಕಂಡಾಗಲೆಲ್ಲ ನಾನು ರಸ್ತೆಯ ಆ ಕಡೆಗೆ ಹೋಗಿಬಿಡುತ್ತಿದ್ದೆ.

ಸಾಕು, ಅಕ್ಷರ ಮಂಜಾಗುತ್ತಿದೆ. ಸೈಲೆನ್ಸರಿಗೆ ಬರೋಣ, ಅದು ಖುಷಿಯ ವಿಷಯ! ಎಂಜಿನ್ನಿನ ಪಕ್ಕದಲ್ಲಿ ಹೊಗೆ ಶುದ್ಧ ಮಾಡುವ ಡಬ್ಬಿಯೊಂದಿದೆ, ಅದನ್ನು ಯಾರು ಎಷ್ಟು ಪೂಸಿ ಹೊಡೆದರೂ ತೆಗೆಸಬೇಡ. ಅದರ ಹಿಂದಿನಿಂದ ಕೊನೆಯವರೆಗೆ ಬದಲಾಯಿಸಿದರೆ ಸಾಕು. ದಪ್ಪ ಪೈಪು ಹಾಕಿದಷ್ಟೂ ಶಕ್ತಿ ಬರುತ್ತದೆ ಎನ್ನುವುದು ಬರೀ ಬುರುಡೆ. ಸಣ್ಣ ಎಂಜಿನ್ನಿಗೆ ದಪ್ಪ ಪೈಪು ಹಾಕುವುದು ಮಗುವಿಗೆ ಅಪ್ಪನ ಶೂ ಹಾಕಿದ ಹಾಗೆ, ಸದ್ದು ಬರುತ್ತದೆ, ನಡಿಗೆ ಬರುವುದಿಲ್ಲ. ಈಗಿರುವುದಕ್ಕಿಂತ ಒಂದು ಕೂದಲು ಅಗಲ ಸಾಕು, ತುಕ್ಕು ಹಿಡಿಯದ ಸ್ಟೀಲಿನದು. ನಡುವಿನ ಚಿಕ್ಕ ಡಬ್ಬಿಯನ್ನು ಉಳಿಸಿಕೋ. ಅದು ಇಲ್ಲದಿದ್ದರೆ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಗುಂಯ್ ಎಂದು ಕಿವಿಯೊಳಗೆ ಜೇನುಗೂಡು ಕಟ್ಟಿದಂತಾಗುತ್ತದೆ. ಸರಿಯಾಗಿ ಕೂಡಿಸಿದರೆ ಸ್ಟಾರ್ಟ್ ಮಾಡಿದಾಗ ಎದೆಗೆ ತಾಗುವ ಒಂದು ದನಿ ಬರುತ್ತದೆ ನೋಡು, ಅಬ್ಬಬ್ಬಾ! ಅಕ್ಕಪಕ್ಕದವರು ಬೈಯುವುದೂ ಇಲ್ಲ, ಪೊಲೀಸರು ನಿಲ್ಲಿಸುವುದೂ ಇಲ್ಲ.

ಹಿಂದೆ ಇಬ್ಬರು ಕೂತು ಡಿಕ್ಕಿಯಲ್ಲಿ ಭಾರವಿದ್ದರೆ ಪೈಪು ನೆಲಕ್ಕೆ ತಗಲುತ್ತದೆಯೇ ಎಂದೂ ಕೇಳಿದ್ದೀಯ. ಇಲ್ಲ. ನನ್ನ ವರ್ಕ್‌ಶಾಪಿನಲ್ಲಿ ತೂಕ ಹಾಕಿದ ಮರಳಿನ ಚೀಲಗಳಿವೆ. ಗಾಡಿಯಲ್ಲಿ ಎಷ್ಟು ಜನ ಕೂರುತ್ತಾರೆ, ಏನು ಸಾಗಿಸುತ್ತಾರೆ ಎಂದು ಕೇಳಿ, ಅಷ್ಟು ಚೀಲ ಒಳಗಿಟ್ಟು, ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡದೆ ಈ ಹನ್ನೊಂದು ವರ್ಷದಲ್ಲಿ ಒಂದು ಗಾಡಿಯನ್ನೂ ಹೊರಗೆ ಬಿಟ್ಟಿಲ್ಲ. ಗಿರಾಕಿಗಳು ನನ್ನನ್ನು ಮರಳಮ್ಮ ಎಂದು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ.

ಸ್ಪ್ರಿಂಗಿನ ಸೆಟ್ಟಿಗೆ ನಿನ್ನೆಯೇ ಹೇಳಿಬಿಟ್ಟೆ. ನೀನು ಒಪ್ಪುವವರೆಗೆ ಕಾಯುವ ತಾಳ್ಮೆ ನನಗೆಲ್ಲಿದೆ! ಶುಕ್ರವಾರ ಬರುತ್ತದೆ.

ನಿನ್ನ ಪ್ರೀತಿಯ,
ಸ್ಪ್ಯಾನರ್ ಚಿಕ್ಕಮ್ಮ

ಇನ್ನೊಂದು ಮಾತು: ಅಕ್ಕಾ, ಸಾಕು ಮಾಡೇ ನಾಟಕ. ಹತ್ತನೇ ಕ್ಲಾಸಿನವರೆಗೆ ನಿನ್ನ ಹಳೆಯ ನೋಟ್ಸ್ ಓದಿ ಪಾಸಾದವಳಿಗೆ ನಿನ್ನ ಅಕ್ಷರ ಗೊತ್ತಾಗುವುದಿಲ್ಲವೇ? ಅದೂ ಅಲ್ಲದೆ ಬಟಾಣಿ ಕಾರು ಗೇಟು ದಾಟುವುದರೊಳಗೆ ವಾಂತಿ ಮಾಡುವ ಹುಡುಗಿ, ಅವಳಿಗೆ ಯಾಕೆ ಗಿಡ್ಡ ಸ್ಪ್ರಿಂಗು! ನೀನು ಮಗಳ ಹೆಸರಿನಲ್ಲಿ ಕೇಳಿದೆ, ನಾನು ಮಗಳ ಹೆಸರಿಗೇ ಬರೆದೆ. ಇಬ್ಬರಿಗೂ ಧೈರ್ಯ ಅಷ್ಟೇ ಇದ್ದದ್ದು. ಈಗ ನಿನಗೇ ಹೇಳುತ್ತಿದ್ದೇನೆ, ತಪ್ಪು ನನ್ನದು. ನೀನು ಅವತ್ತು ಸರಿಯಾಗಿಯೇ ಓಡಿಸಿದ್ದೆ. ನೀನು ಮತ್ತೆ ಗಾಡಿ ಓಡಿಸುತ್ತಿದ್ದೀಯಲ್ಲ, ಅದಕ್ಕೆ ನಿನ್ನೆಯಿಂದ ಒಬ್ಬಳೇ ನಗುತ್ತಿದ್ದೇನೆ. ಶನಿವಾರ ಹತ್ತು ಗಂಟೆಗೆ ಜ್ಯಾಕು, ಸ್ಪ್ರಿಂಗು, ಮರಳು ಎಲ್ಲ ಹೇರಿಕೊಂಡು ಬರುತ್ತೇನೆ. ಬಾಗಿಲು ತೆಗೆಯಲು ಮಗಳನ್ನು ಕಳಿಸಬೇಡ. ನೀನೇ ಬಾ.