ಬಯಕೆಯ ಹಸಿರು ಬಳೆ

ಹಿರೇಗುತ್ತಿ, ೧೯೮೩

ತಾಯಿ ಸಮಾನರಾದ ಅತ್ತೆಯವರಿಗೆ ಸುಬ್ಬಿಯ ನಮಸ್ಕಾರ.

ಮುಟ್ಟು ನಿಂತು ಮೈ ತುಂಬಿಕೊಂಡಾಗ ನಾನೂ ಬಸುರೆಂದೇ ನಂಬಿದ್ದೆ. ನೀವು ಸಂಭ್ರಮದಿಂದ ಬಯಕೆ ಶಾಸ್ತ್ರ ಮಾಡಿ, ಕೇರಿಯವರ ಮುಂದೆ ಹೂ ಮುಡಿಸಿ, ಹಸಿರು ಬಳೆ ತೊಡಿಸಿದಿರಿ. ತಿಂಗಳು ತುಂಬಿದರೂ ಮಗು ಬರಲಿಲ್ಲ. "ಎಂತ ನಾಟಕ ಇದು, ಮೈಗಳ್ಳಿ?" ಎಂದು ತವರಿಗೆ ಅಟ್ಟಿದಿರಿ.

ಕುಮಟೆಯ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಕುತ್ತಿಗೆಯ ಥೈರಾಯ್ಡ್ ಗ್ರಂಥಿ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂದರು. ಮೀನಿನ ಬುಟ್ಟಿ ಹೊರಲಾಗದ ಸುಸ್ತು, ಬೇಸಿಗೆಯಲ್ಲೂ ಕಂಬಳಿ ಹೊದೆಯುವ ಚಳಿ, ಒಡಕು ದನಿ, ಮೈಯ ಬಾವು, ನಿಂತ ಮುಟ್ಟು ಎಲ್ಲ ಅದರಿಂದಲೇ ಅಂತೆ. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಗುಳಿಗೆ ನುಂಗುತ್ತಿದ್ದೇನೆ. ಕೇರಿಯಲ್ಲಿ ಮೀನು ಕೂಗಿ ಮಾರುವಷ್ಟು ದನಿ ಮರಳಿದೆ.

ನಿಮ್ಮ ಮಗನಿಗೆ ಬೇರೆ ಹೆಣ್ಣು ಗೊತ್ತು ಮಾಡಿದ್ದೀರಂತೆ. ನಾನು ಜಗಳಕ್ಕೆ ಬರುವುದಿಲ್ಲ. ಈ ಪತ್ರ ತರುವ ಮಾಸ್ತಣ್ಣನ ಕೈಲಿ ನನ್ನ ಮೀನಿನ ಬುಟ್ಟಿ ಮಾತ್ರ ಕಳಿಸಿಕೊಡಿ.

ತೊಡಿಸುವಾಗ ಬಿಗಿಯಾಗಿದ್ದ ಬಳೆಗಳು ಬಾವು ಇಳಿದ ಮೇಲೆ ತಾವಾಗಿ ಜಾರಿದವು. ಒಡೆಯಲು ಮನಸ್ಸಾಗಲಿಲ್ಲ, ಮಾಸ್ತಣ್ಣನ ಕೈಲೇ ಕಳಿಸಿದ್ದೇನೆ. ಹೊಸ ಸೊಸೆಯ ಬಯಕೆಗೆ ಆದೀತು. ತೊಡಿಸುವ ಮೊದಲು ಅವಳನ್ನು ಒಮ್ಮೆ ಡಾಕ್ಟರಿಗೆ ತೋರಿಸಿ.

ಇಂತಿ,
ಸುಬ್ಬಿ